ಪೇದೆ ಪಿಳಿಪಿಳಿಯ ವರ್ಗಾವಣೆ

ಚಿತ್ರಗಾರನ ತಲೆಯ ಮೇಲೆ ಕಲ್ಲು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ವಾರಪತ್ರಿಕೆಯ ಕಚೇರಿಯ ಎರಡನೇ ಮಹಡಿಯಲ್ಲಿ. ಕಲ್ಲು ಎತ್ತಿ ಹಾಕಿದವರು ಸಂಪಾದಕರು. ಮನುಷ್ಯ ಬಹಳ ಸಭ್ಯ. ಯಾರ ಕುತ್ತಿಗೆ ಕೊಯ್ಯುವ ಮೊದಲೂ ಚಹಾ ತರಿಸುತ್ತಾರೆ. ಅಂದು ಚಹಾದ ಜೊತೆ ಬಿಸ್ಕತ್ತೂ ಬಂದಾಗಲೇ ಚಿತ್ರಗಾರನ ಎದೆ ಧಸಕ್ಕೆಂದಿತ್ತು.

ವಿಷಯ ಇಷ್ಟೇ. ಮೂರು ವರ್ಷಗಳಿಂದ ಆ ಪತ್ರಿಕೆಯ ಕೊನೆಯ ನಾಲ್ಕು ಪುಟಗಳಲ್ಲಿ ಅವನ ‘ಗುಡುಗು–ಪಿಳಿಪಿಳಿ’ ಎಂಬ ಪೊಲೀಸ್ ಹಾಸ್ಯದ ಮಾಂಗಾ ಬರುತ್ತಿತ್ತು. (ಮಾಂಗಾ ಎಂದರೆ ಗೊತ್ತಲ್ಲ, ಕಪ್ಪು ಬಿಳುಪಿನ ಚಿತ್ರಕಥೆ. ಅದರಲ್ಲಿ ಎಲ್ಲರ ಕಣ್ಣೂ ತಟ್ಟೆಯಷ್ಟು, ಮೂಗು ಸಾಸಿವೆಯಷ್ಟು. ಗಾಬರಿಯಾದರೆ ಹಣೆಯ ಪಕ್ಕ ಕುಂಬಳಕಾಯಿ ಗಾತ್ರದ ಬೆವರ ಹನಿ.) ಅದರಲ್ಲಿ ಇನ್ಸ್‌ಪೆಕ್ಟರ್ ಗುಡುಗು, ಅವನ ಕೈಕೆಳಗಿನ ಪೇದೆ ಪಿಳಿಪಿಳಿ, ಇವರಿಬ್ಬರ ಕೈಗೆ ಎಂದೂ ಸಿಗದ ಸದ್ದಿಲ್ಲಪ್ಪ ಎಂಬ ಕಳ್ಳ. ಸಂಪಾದಕರು ಓದುಗರ ಪತ್ರಗಳ ಕಟ್ಟನ್ನು ಬಿಚ್ಚಿ ಸಾರಾಂಶ ಒಪ್ಪಿಸಿದರು. ಕಳ್ಳನೆಂದರೆ ಜನಕ್ಕೆ ಪ್ರಾಣ. ಠಾಣೆಯ ನಾಯಿಯೆಂದರೂ ಪ್ರಾಣ. ಓಡಾಟ, ಬೀಳಾಟ, ಗೋಡೆ ಹಾರಾಟ ಎಲ್ಲವೂ ಚೆನ್ನ. ಆದರೆ ನಾಯಕರಿಬ್ಬರನ್ನು ಕಂಡರೆ ಮಾತ್ರ ಯಾರಿಗೂ ಆಗುವುದಿಲ್ಲ.

“ಕಳ್ಳ ಮನೆಗೆ ಬಂದ್ರೆ ಕೂರಿಸಿ ಊಟ ಹಾಕ್ತೀವಿ ಅಂತ ಬರೀತಾರೆ ಸಾರ್,” ಎಂದರು ಸಂಪಾದಕರು ಬಿಸ್ಕತ್ತಿನ ತಟ್ಟೆಯನ್ನು ಇವನತ್ತ ತಳ್ಳುತ್ತ. “ನಿಮ್ಮ ಇನ್ಸ್‌ಪೆಕ್ಟರ್ ಬಂದ್ರೆ ದೀಪ ಆರಿಸಿ ಒಳಗೆ ಕೂತ್ಕೋತಾರಂತೆ. ಇನ್ನು ನಾಲ್ಕು ವಾರ ನೋಡೋಣ. ಅಷ್ಟರಲ್ಲಿ ಅವರಿಬ್ರನ್ನೂ ಯಾರಾದ್ರೂ ಇಷ್ಟಪಡೋ ಹಾಗೆ ಮಾಡಿ. ಇಲ್ಲಾಂದ್ರೆ ಆ ಪುಟಗಳಿಗೆ ಪದಬಂಧ ಹಾಕ್ತೀನಿ.”

ಬಸ್ಸಿನಲ್ಲಿ ಮನೆಗೆ ಬರುವಾಗ ಚಿತ್ರಗಾರ ದಾರಿಯುದ್ದಕ್ಕೂ ಯೋಚಿಸಿದ. ಯೋಚಿಸುವಂಥದ್ದು ಏನೂ ಇರಲಿಲ್ಲ ಎನ್ನುವುದೇ ಅವನ ಸಂಕಟ. ನಾಯಕರು ಯಾಕೆ ಹಾಗಾದರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿ ಪೊಲೀಸ್ ಇನ್ಸ್‌ಪೆಕ್ಟರ್. ಮಾಂಗಾದ ಇನ್ಸ್‌ಪೆಕ್ಟರ್ ಅಲ್ಲ, ನಿಜವಾದ ಇನ್ಸ್‌ಪೆಕ್ಟರ್. ಬೂಟು, ಬೆಲ್ಟು, ಹೆಗಲ ಮೇಲೆ ನಕ್ಷತ್ರ, ಕೈಕೆಳಗೆ ಇಪ್ಪತ್ತಾರು ಜನ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅವರ ಮನೆಯ ಊಟದ ಮೇಜಿನ ಮೇಲೆ ‘ತಪಾಸಣೆ’ ನಡೆಯುತ್ತಿತ್ತು. ಅವನು ಪೆನ್ಸಿಲಿನಲ್ಲಿ ಬರೆದ ನಾಲ್ಕು ಪುಟಗಳನ್ನು ಹರಡಿ ಕೈಕಟ್ಟಿ ನಿಲ್ಲುವನು. ಅವಳು ಸ್ನಾನ ಮುಗಿಸಿ, ಒದ್ದೆ ಕೂದಲನ್ನು ಬೆನ್ನಿಗೆ ಹರವಿಕೊಂಡು, ಕೆಂಪು ಪೆನ್ಸಿಲು ಹಿಡಿದು ಕೂರುವಳು. ಗುಡುಗು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿದರೆ ಕೆಂಪು ಗೆರೆ: ಕರ್ತವ್ಯದಲ್ಲಿರುವ ಅಧಿಕಾರಿ ನೆಲ ನೋಡಿಯೇ ನಡೆಯುತ್ತಾನೆ. ಗಾಳಿಗೆ ಟೋಪಿ ಹಾರಿದರೆ ಕೆಂಪು ಗೆರೆ: ಟೋಪಿಗೆ ಗಲ್ಲದ ಪಟ್ಟಿ ಇರುತ್ತದೆ. ಪಿಳಿಪಿಳಿ ಗೋಡೆಗೆ ಒರಗಿ ತೂಕಡಿಸಿದರೆ ಎರಡು ಕೆಂಪು ಗೆರೆ, ಒಂದು ತೂಕಡಿಕೆಗೆ, ಒಂದು ಗೋಡೆಗೆ. ಬೆವರ ಹನಿಯ ಬಗ್ಗೆ ದೊಡ್ಡ ವಿಚಾರಣೆಯೇ ನಡೆದಿತ್ತು. ಒಬ್ಬ ಆರೋಗ್ಯವಂತ ಪೊಲೀಸನಿಗೆ ಅಷ್ಟು ದೊಡ್ಡ ಬೆವರು ಬರುವುದಾದರೆ ಅವನನ್ನು ಮೊದಲು ಆಸ್ಪತ್ರೆಗೆ ಸೇರಿಸಬೇಕು ಎಂಬುದು ಅವಳ ವಾದ.

ಹೀಗೆ ಮೂರು ವರ್ಷದಲ್ಲಿ ಗುಡುಗು ಒಮ್ಮೆಯೂ ಜಾರಲಿಲ್ಲ, ಆಕಳಿಸಲಿಲ್ಲ, ಹಸಿಯಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಪಿಳಿಪಿಳಿ ನಿಂತಲ್ಲೇ ನಿಂತು ಸೆಲ್ಯೂಟು ಹೊಡೆದೂ ಹೊಡೆದೂ ದೀಪದ ಕಂಬದಂತಾದ. ಅವಳು ಇದನ್ನೆಲ್ಲ ಮಾಡುತ್ತಿದ್ದುದು ಹಟಕ್ಕಲ್ಲ. ಸಮವಸ್ತ್ರ ತೊಟ್ಟವರನ್ನು ಕಂಡರೆ ಜನ ಒಂದೋ ಹೆದರುತ್ತಾರೆ, ಇಲ್ಲ ಬೆನ್ನ ಹಿಂದೆ ನಗುತ್ತಾರೆ ಎಂಬ ನೋವು ಅವಳಿಗಿತ್ತು. ಗಂಡನ ಕೈಯಲ್ಲಾದರೂ ಅವರ ಮಾನ ಉಳಿಯಲಿ ಎಂದು ಅವಳ ಆಸೆ.

ಹಾಗಾದರೆ ‘ಇನ್ನು ತಿದ್ದಬೇಡ ಮಾರಾಯ್ತಿ’ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಆದರೆ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಅವನ ಪಾಲಿಗೆ ಪೂರ್ತಿಯಾಗಿ ಸಿಗುತ್ತಿದ್ದುದು ವಾರಕ್ಕೆ ಅದೊಂದೇ ಗಂಟೆ. ಉಳಿದ ದಿನಗಳಲ್ಲಿ ಅವಳು ಬರುವಾಗ ಅವನು ನಿದ್ದೆಯಲ್ಲಿ, ಅವನು ಏಳುವಾಗ ಅವಳು ಜೀಪಿನಲ್ಲಿ. ಭಾನುವಾರದ ಆ ಒಂದು ಗಂಟೆಯಲ್ಲಿ ಅವಳ ಮೊಣಕೈ ಅವನ ಮೊಣಕೈಗೆ ತಾಗುತ್ತಿತ್ತು. ಸದ್ದಿಲ್ಲಪ್ಪನ ಚೇಷ್ಟೆ ನೋಡಿ ಅವಳು ನಕ್ಕರೆ (ಕಳ್ಳರನ್ನು ಅವಳು ತಿದ್ದುತ್ತಿರಲಿಲ್ಲ, ಅವರು ಇಲಾಖೆಯವರಲ್ಲ) ಅವನಿಗೆ ಇಡೀ ವಾರ ಸಾರ್ಥಕ. ತಿದ್ದುವುದು ನಿಂತರೆ ಆ ಗಂಟೆಯೂ ಹೋದಂತೆ. ಮಾಂಗಾ ನಿಂತರೂ ಅದು ಹೋದಂತೆಯೇ. ಅತ್ತ ದರಿ, ಇತ್ತ ಪುಲಿ.

ಮನೆಯಲ್ಲಿ ಅತ್ತೆ, ಎಂದರೆ ಹೆಂಡತಿಯ ತಾಯಿ, ಕಿಟಕಿಯ ಪಕ್ಕ ಕೂತು ಅದೇ ಪತ್ರಿಕೆ ಓದುತ್ತಿದ್ದರು. ಅಳಿಯನ ಮುಖ ನೋಡಿದವರೇ ಏನಾಯಿತೆಂದು ಕೇಳಿದರು. ಅವನು ಎಲ್ಲವನ್ನೂ ಒದರಿಬಿಟ್ಟ. ಅತ್ತೆ ಸಮಾಧಾನ ಹೇಳುತ್ತಾರೆಂದು ಕಾದ. ಅವರು ಕನ್ನಡಕ ತೆಗೆದು ಒರೆಸುತ್ತ, ತಮಗೂ ಆ ಇಬ್ಬರನ್ನು ಕಂಡರೆ ಅಷ್ಟಕ್ಕಷ್ಟೇ, ಅಳಿಯ ಬೇಜಾರು ಮಾಡಿಕೊಂಡಾನೆಂದು ಮೂರು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದುದಾಗಿ ಹೇಳಿದರು.

“ಪೊಲೀಸ್ನೋರು ಹೀಗಿರ್ತಾರಾ ಅಳಿಯಂದಿರೇ? ನನ್ನ ಮಗಳನ್ನೇ ನೋಡಿ. ಬೈತಾಳೆ, ಹಾರಾಡ್ತಾಳೆ. ಹತ್ತು ನಿಮಿಷ ಬಿಟ್ಟು ಬಂದು ‘ಟೈಮೆಷ್ಟಾಯ್ತು’ ಅಂತ ಕೇಳ್ತಾಳೆ. ಐದು ವರ್ಷದವಳಿದ್ದಾಗಿಂದ್ಲೂ ಅಷ್ಟೇ. ಆಗ ಅವಳಿಗೆ ಗಡಿಯಾರ ನೋಡೋಕೂ ಬರ್ತಿರ್ಲಿಲ್ಲ.”

ಚಿತ್ರಗಾರ ಕುರ್ಚಿಯಿಂದ ಎದ್ದುನಿಂತ. ಹೌದಲ್ಲ. ಮದುವೆಯಾದಾಗಿನಿಂದ ಅವನೂ ಎಷ್ಟು ಸಲ ಟೈಮು ಹೇಳಿಲ್ಲ. ಅವಳ ಕೈಯಲ್ಲಿ ಗಡಿಯಾರ ಇದ್ದೇ ಇರುತ್ತದೆ. ಆದರೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಇವನು ‘ಆರೂಕಾಲು’ ಎಂದರೆ ಜಗಳ ಮುಗಿಯಿತು ಎಂದರ್ಥ. ಅದೇ ಅವಳ ಕ್ಷಮಾಪಣೆ. ಇನ್ನೂ ಎಷ್ಟಿದೆ. ಬೂಟು ಬಿಚ್ಚುವಾಗ ‘ಸಾಕಾಯ್ತೇನೋ ಇವತ್ತು’ ಎಂದು ಬೂಟುಗಳನ್ನೇ ಮಾತನಾಡಿಸುತ್ತಾಳೆ. ಮೂರು ಗೂಂಡಾಗಳನ್ನು ಒಬ್ಬಳೇ ಹಿಡಿದುತಂದವಳು ಸ್ನಾನದ ಮನೆಯಲ್ಲಿ ಜಿರಲೆ ಕಂಡರೆ ಸ್ಟೂಲಿನ ಮೇಲೆ ನಿಂತು ತಾಯಿಯನ್ನು ಕೂಗುತ್ತಾಳೆ. ಕಪಾಟಿಗೆ ಹಣೆ ತಾಗಿಸಿಕೊಂಡು ಕಪಾಟಿಗೇ ‘ಸಾರಿ’ ಎನ್ನುತ್ತಾಳೆ.

ಅಲ್ಲಿಂದ ಮುಂದೆ ಚಿತ್ರಗಾರ ಮಾಡಿದ ಕೆಲಸವನ್ನು ಬುದ್ಧಿಯಿರುವ ಯಾವ ಗಂಡನೂ ಮಾಡಲಾರ. ಅವನು ಪ್ರತಿ ವಾರ ಎರಡೆರಡು ಮಾಂಗಾ ಬರೆಯತೊಡಗಿದ. ಒಂದು, ಭಾನುವಾರದ ತಪಾಸಣೆಗೆ. ಅದರಲ್ಲಿ ಹಳೆಯ ಗುಡುಗು, ಹಳೆಯ ಪಿಳಿಪಿಳಿ, ತಿದ್ದಲು ಅನುಕೂಲವಾಗಲೆಂದು ಅಲ್ಲಲ್ಲಿ ಬೇಕೆಂದೇ ಇಟ್ಟ ತಪ್ಪುಗಳು. ಇನ್ನೊಂದು, ಅವಳು ಕೆಲಸಕ್ಕೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಬರೆದದ್ದು. ಅದು ನೇರ ಸಂಪಾದಕರಿಗೆ. ಅದರಲ್ಲಿ ಗುಡುಗು ಬೂಟುಗಳ ಜೊತೆ ಮಾತನಾಡಿದ, ಜಿರಲೆ ಕಂಡು ಲಾಕಪ್ಪಿನೊಳಗೆ ಹೋಗಿ ಬೀಗ ಹಾಕಿಕೊಂಡ, ಬೈದ ಮೇಲೆ ಬಾಗಿಲಲ್ಲಿ ನಿಂತು ಟೈಮು ಕೇಳಿದ. ಯಾರಿಗೂ ಗೊತ್ತಾಗದು ಎಂದು ಚಿತ್ರಗಾರನಿಗೆ ಪೂರ್ಣ ಭರವಸೆ. ಗುಡುಗಿಗೆ ಪೊರಕೆಯಷ್ಟು ದಪ್ಪ ಮೀಸೆ ಇತ್ತಲ್ಲ.

ಅಚ್ಚಾದದ್ದನ್ನು ಹೆಂಡತಿ ಓದುವ ಭಯವೂ ಇರಲಿಲ್ಲ. ಒಮ್ಮೆ ತಪಾಸಣೆ ಮುಗಿದ ಕಡತವನ್ನು ಅವಳು ಮತ್ತೆ ತೆರೆಯುವವಳಲ್ಲ. ಆದರೂ ಯಾವುದಕ್ಕೂ ಇರಲೆಂದು ಅತ್ತೆ ಪತ್ರಿಕೆ ಬಂದ ತಕ್ಷಣ ಅದನ್ನು ತಮ್ಮ ಹಾಸಿಗೆಯ ಕೆಳಗೆ ಸೇರಿಸುತ್ತಿದ್ದರು. ಮಗಳ ಕಣ್ಣಿಗೆ ಮಣ್ಣೆರಚುವ ಕೆಲಸದಲ್ಲಿ ಆ ಹಿರಿಯ ಜೀವಕ್ಕೆ ಬಂದ ಹುಮ್ಮಸ್ಸು ನೋಡಿ ಅಳಿಯನಿಗೇ ದಿಗಿಲಾಗುತ್ತಿತ್ತು.

ಇನ್ನು ಪೇದೆ ಪಿಳಿಪಿಳಿ. ಅವನನ್ನು ಜನ ಮೆಚ್ಚುವಂತೆ ಮಾಡುವುದು ಚಿತ್ರಗಾರನಿಗೆ ಕಷ್ಟವೇ ಅಲ್ಲ ಎನಿಸಿತು. ಮೆಚ್ಚುವಂಥ ಗಂಡಸು ಮನೆಯಲ್ಲೇ, ಕನ್ನಡಿಯಲ್ಲೇ ಇದ್ದಾಗ ಊರೆಲ್ಲ ಹುಡುಕುವುದೇಕೆ. ಹೊಸ ಪಿಳಿಪಿಳಿ ಜೋಕು ಹೇಳಲು ಶುರುಮಾಡಿ ಅರ್ಧಕ್ಕೇ ತಾನೇ ಬಿದ್ದು ಬಿದ್ದು ನಕ್ಕ. ಕಪ್ಪು ಒಡೆದು ಚೂರುಗಳನ್ನು ಕಡತದ ಹಿಂದೆ ಬಚ್ಚಿಟ್ಟ. ನೆಗಡಿ ಬಂದರೆ ಉಯಿಲು ಬರೆಯಲು ಕಾಗದ ಕೇಳಿದ. ಯಾರಾದರೂ ತಪ್ಪು ತೋರಿಸಿದರೆ ಎರಡು ದಿನ ಮುಖ ಊದಿಸಿಕೊಂಡು ಮಾತು ಬಿಟ್ಟ. ಈ ಪುಟಗಳನ್ನು ಬರೆಯುವಾಗ ಚಿತ್ರಗಾರನಿಗೆ ತನ್ನ ಮೇಲೇ ಪ್ರೀತಿ ಉಕ್ಕಿ ಬರುತ್ತಿತ್ತು. ಇವನು ನಿಮ್ಮ ಹಾಗೇ ಇದ್ದಾನಲ್ಲ ಎಂದು ಅತ್ತೆ ಒಮ್ಮೆ ಮೆಲ್ಲಗೆ ಅಂದರು. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಮೂರು ವಾರ ಎಲ್ಲವೂ ಎಣ್ಣೆ ಹಚ್ಚಿದ ಬಾಗಿಲಿನಂತೆ ಸರಾಗವಾಗಿ ನಡೆಯಿತು. ಭಾನುವಾರಗಳಲ್ಲಿ ಅವಳು ಎಂದಿನಂತೆ ಶ್ರದ್ಧೆಯಿಂದ ಕೆಂಪು ಗೆರೆ ಎಳೆದಳು. ಒಂದು ವಾರ ಮೂರನೇ ಪುಟದ ಕೈಕೋಳ ಸರಿಯಿಲ್ಲವೆಂದು, ಠಾಣೆಯಿಂದ ನಿಜವಾದ ಕೈಕೋಳವನ್ನೇ ತಂದು, ಅವನ ಕೈಗೆ ತೊಡಿಸಿ, ಹೀಗೆ ನೋಡಿ ಹಲ್ಲು ಕೂರುತ್ತದೆ ಎಂದು ತೋರಿಸಿದಳು. ಯಾರೂ ಅಚ್ಚು ಹಾಕದ ಆ ಪುಟಕ್ಕಾಗಿ ಅವಳು ಅಷ್ಟು ಕಷ್ಟಪಡುವುದನ್ನು ನೋಡಿ ಚಿತ್ರಗಾರನಿಗೆ ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಅವಳ ಒದ್ದೆ ಕೂದಲು ಅವನ ತೋಳಿಗೆ ತಾಗಿತು, ಹೇಳಬೇಕಾದ ಮಾತು ಹಾಗೇ ಒಳಗೆ ಉಳಿಯಿತು.

ನಾಲ್ಕನೆಯ ವಾರ, ಶುಕ್ರವಾರ, ಠಾಣೆಯಲ್ಲಿ ಅವಳು ಒಬ್ಬ ದಪ್ಪ ಪೇದೆಯನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಳು. ಕಳೆದುಹೋದ ಸೈಕಲ್ಲಿನ ದೂರನ್ನು ಅವನು ಕಳೆದುಹೋದ ಮುದುಕರ ಕಡತಕ್ಕೆ ಸೇರಿಸಿದ್ದ. ಬೈದು ಒಳಗೆ ಹೋದಳು. ಹತ್ತು ನಿಮಿಷ ಕಳೆಯಿತು. ಹೊರಗೆ ಬಂದು ಬಾಗಿಲಲ್ಲಿ ನಿಂತು, ಎತ್ತಲೋ ನೋಡುತ್ತ, ಟೈಮೆಷ್ಟು ಎಂದು ಕೇಳಿದಳು.

ಪೇದೆ ಎದ್ದುನಿಂತು ಸೆಲ್ಯೂಟು ಹೊಡೆದ. “ಪರವಾಗಿಲ್ಲ ಮೇಡಂ,” ಎಂದ. “ನಂಗೇನೂ ಬೇಜಾರಿಲ್ಲ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗುಂಡಿನ ಸದ್ದಿಗೂ ಬೆಚ್ಚದವಳು ಅಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೇರ ರೈಟರ್ ಹತ್ತಿರ ಹೋದಳು. ರೈಟರ್ ಎಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಹಿರಿಯ, ನಿವೃತ್ತಿಗೆ ಎರಡೇ ತಿಂಗಳು ಬಾಕಿ. ಆತ ಏನನ್ನೂ ಮುಚ್ಚಿಡಲಿಲ್ಲ. ಮೇಜಿನ ಖಾನೆಯಿಂದ ಒಂದು ಕಡತ ತೆಗೆದು ಮುಂದಿಟ್ಟ. ನಾಲ್ಕು ವಾರದ ಮಾಂಗಾ ಪುಟಗಳು, ಅಚ್ಚುಕಟ್ಟಾಗಿ ಕತ್ತರಿಸಿ, ಪುಟಸಂಖ್ಯೆ ಹಾಕಿ, ದಾರ ಕಟ್ಟಿದ್ದವು. ಟೈಮು ಯಾಕೆ ಕೇಳುತ್ತಾರೆಂದು ತನಗೆ ಮೊದಲಿಂದ ಗೊತ್ತಿತ್ತು, ಉಳಿದವರಿಗೆ ಈಗ ಗೊತ್ತಾಯಿತು ಅಷ್ಟೇ, ಅಂದ.

ಮಧ್ಯಾಹ್ನ ಮೂರಕ್ಕೆ ಜೀಪು ಮನೆಯ ಮುಂದೆ ನಿಂತಾಗ ಚಿತ್ರಗಾರ ಐದನೆಯ ವಾರದ ಗುಡುಗಿಗೆ ಮೀಸೆ ಬರೆಯುತ್ತಿದ್ದ. ಆ ಹೊತ್ತಿನಲ್ಲಿ ಅವಳು ಮನೆಗೆ ಬಂದದ್ದೇ ಇಲ್ಲ. ಅವಳು ಬೂಟು ಬಿಚ್ಚದೆ ಒಳಗೆ ಬಂದು ಊಟದ ಮೇಜಿನ ಮೇಲೆ ಕಡತ ಇಟ್ಟಳು. ಕಪಾಟಿನಿಂದ ತಾನು ತಿದ್ದಿದ ಹದಿನಾರು ಪುಟಗಳನ್ನೂ ತಂದು ಪಕ್ಕದಲ್ಲಿ ಜೋಡಿಸಿದಳು. ಗಂಡನಿಗೂ ತಾಯಿಗೂ ಎದುರಿಗೆ ಕೂರುವಂತೆ ಸನ್ನೆ ಮಾಡಿದಳು. ಅತ್ತೆ ತಕ್ಷಣ, ಯೋಚನೆ ತಮ್ಮದಲ್ಲ, ತಾವು ಹಾಸಿಗೆಯ ಕೆಳಗೆ ಇಟ್ಟದ್ದಷ್ಟೇ ಎಂದು ಒಪ್ಪಿಕೊಂಡು ಸಾಕ್ಷಿಯ ಕಡೆ ಸರಿದರು.

ಚಿತ್ರಗಾರ ಸಂಪಾದಕರ ಗಡುವು, ಪದಬಂಧದ ಬೆದರಿಕೆ ಎಲ್ಲವನ್ನೂ ಹೇಳಿದ. ಅವಳ ಮರ್ಯಾದೆ ಕಳೆಯುವ ಉದ್ದೇಶ ಇರಲಿಲ್ಲ, ಮೀಸೆ ಹಾಕಿದ್ದೆ ಎಂದ. ಅವಳು ಕೈಯೆತ್ತಿ ತಡೆದಳು.

“ಮರ್ಯಾದೆ ಹೋಗಿಲ್ಲ ರೀ. ಆ ದಪ್ಪ ಪೇದೆ ಇವತ್ತು ಹೆದರದೆ ಮಗಳ ಶಾಲೆಗೆ ಹೋಗ್ಬೇಕು ಅಂತ ಒಂದು ಗಂಟೆ ರಜೆ ಕೇಳಿದ. ಐದು ವರ್ಷದಲ್ಲಿ ಮೊದಲ್ನೇ ಸಲ. ಅದಲ್ಲ ನಾನು ಕೇಳ್ತಿರೋದು.” ಅವಳ ಬೆರಳು ಕೈಕೋಳ ಇದ್ದ ಪುಟದ ಮೇಲೆ ನಿಂತಿತು. “ನಾಲ್ಕು ಭಾನುವಾರ ನಾನು ಕೂತು ತಿದ್ದಿದ್ದು ಏನನ್ನ? ರದ್ದಿ ಕಾಗದಾನಾ?”

ಅವಳ ದನಿ ಏರಿರಲಿಲ್ಲ. ಹತ್ತು ಸುಳ್ಳು ಅವನ ನಾಲಗೆಯ ತುದಿಗೆ ಬಂದವು. ಒಂದೂ ಹೊರಡಲಿಲ್ಲ.

“ತಿದ್ದಬೇಡ ಅಂದ್ರೆ ನೀನು ಇಲ್ಲಿ ಕೂರಲ್ಲ ಅನ್ನಿಸ್ತು,” ಎಂದ. “ವಾರಕ್ಕೊಂದು ಗಂಟೆ ಸಿಗ್ತೀಯ. ಅದನ್ನೂ ಕಳ್ಕೊಳ್ಳೋಕೆ ನಂಗೆ ಧೈರ್ಯ ಬರ್ಲಿಲ್ಲ ಕಣೇ.”

ಅವಳು ಪುಟಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಅದೇ ಹೊತ್ತಿಗೆ ಚಿತ್ರಗಾರನ ಮೊಬೈಲು ಬಡಿದುಕೊಂಡಿತು. ಸಂಪಾದಕರು. ಅವರ ದನಿ ಎಂಥದೆಂದರೆ ಮೊಬೈಲನ್ನು ಕಿವಿಗೆ ಒತ್ತಿಕೊಂಡರೂ ಪಕ್ಕದ ಕೋಣೆಯವರಿಗೆಲ್ಲ ಕೇಳಿಸುತ್ತದೆ.

ಅಭಿನಂದನೆಗಳು ಸುರಿದವು. ಪತ್ರಗಳ ಪ್ರವಾಹವೇ ಬಂದಿದೆ, ಗುಡುಗು ಜನರ ಕಣ್ಮಣಿಯಾಗಿದ್ದಾನೆ, ಮಕ್ಕಳು ಮನೆಯಲ್ಲಿ ಟೈಮು ಕೇಳಿ ಜಗಳ ಮುಗಿಸುತ್ತಿದ್ದಾರಂತೆ, ಪದಬಂಧದ ಮಾತೇ ಇಲ್ಲ. ಚಿತ್ರಗಾರನ ಎದೆ ಹಿಗ್ಗಿತು. ಆಗ ಸಂಪಾದಕರು ಗಂಟಲು ಸರಿಮಾಡಿಕೊಂಡರು. ಒಂದೇ ಒಂದು ಸಣ್ಣ ಸಮಸ್ಯೆ ಎಂದರು. ಪೇದೆ ಪಿಳಿಪಿಳಿ. ಮೊದಲು ಅವನನ್ನು ಕಂಡರೆ ಜನಕ್ಕೆ ಬೇಸರವಿತ್ತು ಅಷ್ಟೇ, ಈಗ ಮೈಯೆಲ್ಲ ಉರಿಯುತ್ತಿದೆ. ಅರವತ್ತೊಂದು ಪತ್ರ ಬಂದಿವೆ. ಸೋಮಾರಿ, ಪುಕ್ಕಲ, ತನ್ನ ಜೋಕಿಗೆ ತಾನೇ ನಗುವ ಪ್ರಾಣಿ; ಇಷ್ಟು ಒಳ್ಳೆಯ ಇನ್ಸ್‌ಪೆಕ್ಟರ್ ಇವನನ್ನು ಹೇಗೆ ಸಹಿಸುತ್ತಾನೆ ಎಂದು ಒಬ್ಬ ಅಜ್ಜಿ ಮೂರು ಪುಟ ಬರೆದಿದ್ದಾರೆ. ಇಂಥವನನ್ನು ಕಲ್ಪಿಸಿಕೊಳ್ಳುವುದಕ್ಕೂ ಪ್ರತಿಭೆ ಬೇಕು ಸಾರ್, ಆದರೆ ಅತಿಯಾಯಿತು. ಮುಂದಿನ ವಾರವೇ ಅವನನ್ನು ಯಾವುದಾದರೂ ದೂರದ ಹೊರಠಾಣೆಗೆ ವರ್ಗಾಯಿಸಿ, ಚುರುಕಾದ ಹೊಸ ಪೇದೆಯೊಬ್ಬಳನ್ನು ತನ್ನಿ.

ಚಿತ್ರಗಾರನ ಬಾಯಿ ತೆರೆದುಕೊಂಡೇ ಇತ್ತು. ಅತ್ತೆ ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನನ್ನೋ ನೋಡತೊಡಗಿದರು. ಹೆಂಡತಿ ಎದ್ದು ಬಂದು ಅವನ ಕೈಯಿಂದ ಮೊಬೈಲು ತೆಗೆದುಕೊಂಡಳು.

“ಇನ್ಸ್‌ಪೆಕ್ಟರ್ ಮಾತಾಡ್ತಿರೋದು,” ಎಂದಳು. ಆ ಕಡೆಯವರಿಗೆ ಯಾವ ಇನ್ಸ್‌ಪೆಕ್ಟರ್ ಎಂದು ತಿಳಿಯಿತೋ ಇಲ್ಲವೋ, ಉಸಿರು ಮಾತ್ರ ನಿಂತಿತು. “ಆ ಪೇದೆ ಎಲ್ಲಿಗೂ ವರ್ಗಾವಣೆ ಆಗಲ್ಲ.”

ಅರವತ್ತೊಂದು ದೂರುಗಳಿವೆ ಮೇಡಂ ಎಂದು ಸಂಪಾದಕರು ಕ್ಷೀಣವಾಗಿ ನೆನಪಿಸಿದರು.

“ಎಲ್ಲಾ ನಿಜಾನೇ ಇರಬಹುದು. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ, ನಂಗೆ ಅರವತ್ತೊಂದಕ್ಕಿಂತ ಜಾಸ್ತಿ ಗೊತ್ತು. ಆದ್ರೂ ನನ್ನ ಠಾಣೆಗೆ ಅವನೇ ಬೇಕು. ದೂರುಗಳನ್ನ ನಂಗೆ ಕಳಿಸಿ, ವಿಚಾರಣೆ ನಾನು ಮಾಡ್ತೀನಿ.”

ಮೊಬೈಲನ್ನು ಮೇಜಿನ ಮೇಲಿಟ್ಟು, ಟೋಪಿ ಸರಿಮಾಡಿಕೊಂಡು, ಅವಳು ಜೀಪಿನ ಕಡೆ ಹೊರಟಳು. ಚಿತ್ರಗಾರನಿಗೆ ಅಳು ಬಂದಿತ್ತು, ನಗುವೂ ಬಂದಿತ್ತು. ಇಡೀ ನಾಡು ಬೇಡವೆಂದ ಮನುಷ್ಯನನ್ನು ಒಬ್ಬಳು ಇಟ್ಟುಕೊಳ್ಳುತ್ತೇನೆ ಎಂದಿದ್ದಳು, ಅದೂ ಎಲ್ಲ ಗೊತ್ತಿದ್ದೂ. ಅವನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಪತ್ರಗಳ ಕಟ್ಟು ಶನಿವಾರವೇ ಬಂತು. ಭಾನುವಾರ ಹತ್ತು ಗಂಟೆಗೆ ಅವಳು ಒದ್ದೆ ಕೂದಲು ಹರವಿಕೊಂಡು ಮೇಜಿನ ಮುಂದೆ ಕೂತಳು. ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ದೂರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಆರೋಪಿ ಒಪ್ಪಿಕೊಳ್ಳಬೇಕು, ಇಲ್ಲ ವಾದಿಸಬೇಕು. ಅವನು ವಾದಿಸಿದಾಗಲೆಲ್ಲ ಅವಳು ದಿನ, ಸ್ಥಳ, ಒಡೆದ ಕಪ್ಪಿನ ಬಣ್ಣ ಸಮೇತ ಪುರಾವೆ ಒದಗಿಸಿದಳು. ಅವಳು ಮರೆತದ್ದನ್ನು ಅತ್ತೆ ಅಡುಗೆಮನೆಯಿಂದಲೇ ಸೇರಿಸಿದರು. ಅಜ್ಜಿಯ ಮೂರು ಪುಟ ಓದುವಾಗ ಅವಳು ಎಷ್ಟು ನಕ್ಕಳೆಂದರೆ ಓದಲಾಗದೆ ಅವನ ಹೆಗಲಿಗೆ ಹಣೆಯಿಟ್ಟಳು, ಉಳಿದದ್ದನ್ನು ಆರೋಪಿಯೇ ಓದಬೇಕಾಯಿತು. ಹನ್ನೊಂದಾಯಿತು, ಹನ್ನೆರಡೂ ಆಯಿತು. ಊಟಕ್ಕೆ ಮೇಜು ಬೇಕೆಂದು ಅತ್ತೆ ಗದರುವ ಹೊತ್ತಿಗೆ ಮುಗಿದಿದ್ದುದು ಹದಿನಾಲ್ಕು ಪತ್ರ ಮಾತ್ರ. ಉಳಿದ ನಲವತ್ತೇಳಕ್ಕೆ ಅವಳು ಒಂದೊಂದು ಭಾನುವಾರಕ್ಕೆ ಐದರಂತೆ ದಿನ ಕೊಟ್ಟಳು. ಆರೋಪಿ ಲೆಕ್ಕ ಹಾಕಿ ನೋಡಿ, ಐದು ಬಹಳವಾಯಿತು, ಎರಡೇ ಸಾಕೆಂದು ಅರ್ಜಿ ಹಾಕಿಕೊಂಡ.